ಪೇಸ್ಟ್ ಟ್ಯೂಬಿನ ಬುಡದಲ್ಲಿರುವ ಕಪ್ಪು ಪಟ್ಟಿ ಏನು ಹೇಳುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪ. ಅಡಿಕೆ ತೋಟದ ಮನೆ. ಅತ್ತೆ, ಮಾವ, ನಾವಿಬ್ಬರು ಮತ್ತು ನಾಲ್ಕು ವರ್ಷದ ಮಗಳು ಇದ್ದೇವೆ. ಹೋದ ತಿಂಗಳು ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಪೇಸ್ಟ್, ಕ್ರೀಮ್ ಟ್ಯೂಬುಗಳ ಬುಡದಲ್ಲಿ ಬಣ್ಣದ ಚೌಕ ಇರುತ್ತದಂತೆ. ಹಸಿರಾದರೆ ಪೂರ್ತಿ ನೈಸರ್ಗಿಕ, ನೀಲಿಯಾದರೆ ನೈಸರ್ಗಿಕ ಮತ್ತು ಔಷಧಿ, ಕೆಂಪಾದರೆ ನೈಸರ್ಗಿಕ ಮತ್ತು ರಾಸಾಯನಿಕ, ಕಪ್ಪಾದರೆ ಬರೀ ರಾಸಾಯನಿಕ ಅಂತ. ನೋಡಿದರೆ ನಾವು ವರ್ಷಗಳಿಂದ ಬಳಸುವ ಪೇಸ್ಟಿಗೆ ಕಪ್ಪು! ಮಾವ ಅದನ್ನು ಬಿಸಾಡಲು ಹೇಳಿದರು. ಈಗ ಹಸಿರು ಗುರುತಿನದ್ದು ಹುಡುಕಿ ತಂದಿದ್ದೇವೆ, ಮಗಳಿಗೂ ಅದೇ. ಅತ್ತೆ ಮಾತ್ರ ಉಮಿ ಸುಟ್ಟ ಮಸಿಯೇ ಸಾಕು ಅನ್ನುತ್ತಾರೆ. ಅತ್ತೆ, ಮಾವ ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಹಸಿರು ಅಂದರೆ ಸಸ್ಯಾಹಾರ ಅಂತಲೂ ಅವರ ಲೆಕ್ಕ. ಇನ್ನೊಂದು: ಭಾವ ದುಬೈಯಿಂದ ತಂದ ಮುಖದ ಕ್ರೀಮಿನ ಪೆಟ್ಟಿಗೆಯಲ್ಲಿ ಬಾಣಗಳಿರುವ ಹಸಿರು ಉರುಟು ಗುರುತು ಇದೆ. ಹಾಗಾದರೆ ಅದು ಗಿಡಮೂಲಿಕೆಯದ್ದೇ? ಎರಡು ತಿಂಗಳಿನಿಂದ ಹಚ್ಚುತ್ತಿದ್ದೇನೆ, ಮುಖ ಬೇಗ ಬೆಳ್ಳಗಾಗಿದೆ. ನಮ್ಮ ಊರಿನಲ್ಲಿ ರಾಸಾಯನಿಕ ಅಂದರೆ ಎಲ್ಲರಿಗೂ ಒಂದು ಭಯ, ನಿಮಗೆ ಗೊತ್ತೇ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗುರುತುಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಬಿಡಿಸೋಣ. ಅದಕ್ಕೆ ಮೊದಲು ಎರಡು ಮಾತು ಈಗಲೇ ಹೇಳಿಬಿಡುತ್ತೇನೆ. ಟ್ಯೂಬಿನ ಬುಡದ ಚೌಕಕ್ಕೂ ಒಳಗಿರುವ ಪೇಸ್ಟಿಗೂ ಯಾವ ಸಂಬಂಧವೂ ಇಲ್ಲ. ಹಳೆಯ ಪೇಸ್ಟನ್ನು ಬಿಸಾಡಿಲ್ಲ ಅಂತಾದರೆ ಧೈರ್ಯವಾಗಿ ಬಳಸಿ. ಆದರೆ ದುಬೈ ಕ್ರೀಮನ್ನು ಇವತ್ತೇ ನಿಲ್ಲಿಸಿ. ಕಾರಣ ಮುಂದೆ ವಿವರಿಸುತ್ತೇನೆ. ನಿಮ್ಮ ಪತ್ರ ಓದಿದಾಗ ಕಪ್ಪು ಪಟ್ಟಿಯ ಸಂಗತಿಗಿಂತ "ಮುಖ ಬೇಗ ಬೆಳ್ಳಗಾಗಿದೆ" ಅನ್ನುವ ಸಾಲು ನನ್ನನ್ನು ಜಾಸ್ತಿ ಚಿಂತೆಗೆ ಹಚ್ಚಿತು.

ನಾನು ಸೌಂದರ್ಯವರ್ಧಕ ತಯಾರಿಸುವ ಘಟಕಗಳಲ್ಲಿ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವಳು. ಟ್ಯೂಬಿಗೆ ಪೇಸ್ಟ್ ತುಂಬುವ ಯಂತ್ರವನ್ನು ಹತ್ತಿರ ನಿಂತು ನೋಡಿದವರು ಈ ಸಂದೇಶವನ್ನು ನಂಬಲಾರರು. ನೋಡದವರು ನಂಬಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಹಾಗಾಗಿ ಯಂತ್ರದಿಂದಲೇ ಶುರು ಮಾಡುತ್ತೇನೆ.

ಟ್ಯೂಬ್ ಮೊದಲು ಟ್ಯೂಬಿನ ಆಕಾರದಲ್ಲಿ ಇರುವುದಿಲ್ಲ. ಪ್ಲಾಸ್ಟಿಕ್ ಪದರಗಳು, ಹಲವು ಬಾರಿ ನಡುವೆ ತೆಳುವಾದ ಅಲ್ಯುಮಿನಿಯಂ, ಇವನ್ನು ಒಂದಕ್ಕೊಂದು ಅಂಟಿಸಿದ ಉದ್ದನೆಯ ಹಾಳೆಯ ಸುರುಳಿ ಅದು. ಕಂಪನಿಯ ಹೆಸರು, ಚಿತ್ರ, ಅಕ್ಷರ ಎಲ್ಲ ಆ ಹಾಳೆಯ ಮೇಲೆಯೇ ಅಚ್ಚಾಗುತ್ತದೆ. ಆಮೇಲೆ ಹಾಳೆಯನ್ನು ಸುತ್ತಿ, ಉದ್ದಕ್ಕೂ ಬೆಸೆದು, ತುಂಡು ಮಾಡಿ, ಒಂದು ತುದಿಗೆ ಕತ್ತು ಮತ್ತು ಮುಚ್ಚಳ ಕೂಡಿಸುತ್ತಾರೆ. ಇನ್ನೊಂದು ತುದಿ ತೆರೆದೇ ಇರುತ್ತದೆ. ಪೇಸ್ಟ್ ತುಂಬುವ ಕಾರ್ಖಾನೆಗೆ ಖಾಲಿ ಟ್ಯೂಬುಗಳು ಬರುವುದು ಹೀಗೆಯೇ, ಬುಡ ಬಾಯಿ ಬಿಟ್ಟುಕೊಂಡು.

ಅಲ್ಲಿ ಮುಚ್ಚಳ ಕೆಳಗಾಗಿ ಪ್ರತಿ ಟ್ಯೂಬನ್ನೂ ಒಂದೊಂದು ಹಿಡಿಕೆಯಲ್ಲಿ ನಿಲ್ಲಿಸುತ್ತಾರೆ. ಮೇಲಿನಿಂದ ಪೇಸ್ಟ್ ತುಂಬಿ, ತೆರೆದ ತುದಿಯನ್ನು ಬಿಸಿ ಮಾಡಿ ಚಪ್ಪಟೆಯಾಗಿ ಒತ್ತಿ ಮುಚ್ಚಬೇಕು. ಇಲ್ಲೊಂದು ತೊಂದರೆ ಇದೆ. ಟ್ಯೂಬ್ ಉರುಟಾಗಿದೆ, ಹಿಡಿಕೆಯಲ್ಲಿ ಯಾವ ದಿಕ್ಕಿಗೆ ಬೇಕಾದರೂ ತಿರುಗಿ ನಿಲ್ಲಬಹುದು. ಹಾಗೆಯೇ ಒತ್ತಿಬಿಟ್ಟರೆ ಕಂಪನಿಯ ಹೆಸರು ಅರ್ಧ ಮುಂದೆ, ಅರ್ಧ ಹಿಂದೆ ಆಗಿ ಟ್ಯೂಬ್ ಅಡ್ಡಾದಿಡ್ಡಿಯಾಗುತ್ತದೆ. ಅದಕ್ಕೆ ತುಂಬುವ ಮೊದಲು ಯಂತ್ರ ಪ್ರತಿ ಟ್ಯೂಬನ್ನೂ ತಿರುಗಿಸುತ್ತದೆ. ಪಕ್ಕದಲ್ಲಿ ಬೆಳಕು ಬಿಡುವ ಒಂದು ಸೆನ್ಸರ್ ಇರುತ್ತದೆ. ಟ್ಯೂಬಿನ ಬುಡದ ಚೌಕ ಅದರ ಎದುರು ಬಂದ ಕೂಡಲೇ ತಿರುಗುವುದು ನಿಲ್ಲುತ್ತದೆ. ಈಗ ಮುಂಭಾಗ ಸರಿಯಾದ ದಿಕ್ಕಿಗೆ ಬಂತು. ಒತ್ತಿ ಮುಚ್ಚಬಹುದು, ಬ್ಯಾಚ್ ಸಂಖ್ಯೆ ಹಾಕಬಹುದು. ಕಾರ್ಖಾನೆಯಲ್ಲಿ ನಾವು ಅದನ್ನು ಐ ಮಾರ್ಕ್ ಅನ್ನುತ್ತಿದ್ದೆವು. ಯಂತ್ರದ ಕಣ್ಣಿಗೆ ಕಾಣಲಿ ಅಂತ ಹಾಕುವ ಗುರುತು, ಅಷ್ಟೇ.

ಹಾಗಾದರೆ ಒಂದಕ್ಕೆ ಕಪ್ಪು, ಒಂದಕ್ಕೆ ಹಸಿರು ಯಾಕೆ? ಸೆನ್ಸರ್ ಬಣ್ಣದ ಅರ್ಥ ಓದುವುದಿಲ್ಲ, ಹಿನ್ನೆಲೆಗೂ ಗುರುತಿಗೂ ಇರುವ ವ್ಯತ್ಯಾಸವನ್ನು ಮಾತ್ರ ಹಿಡಿಯುತ್ತದೆ. ಬಿಳಿ ಟ್ಯೂಬಿಗೆ ಕಪ್ಪು, ಕಡು ನೀಲಿ, ಕಡು ಹಸಿರು ಯಾವುದಾದರೂ ಆಗುತ್ತದೆ. ಕಡು ಬಣ್ಣದ ಟ್ಯೂಬಿಗೆ ಬಿಳಿ ಗುರುತೇ ಬೇಕು. ಕೆಂಪು ಬೆಳಕಿನ ಸೆನ್ಸರ್ ಇರುವ ಕಡೆ ಬಿಳಿಯ ಮೇಲಿನ ಕೆಂಪು ಗುರುತು ಅದಕ್ಕೆ ಕಾಣುವುದೇ ಇಲ್ಲ, ಆಗ ಕೆಂಪನ್ನು ಬಿಡುತ್ತಾರೆ. ಜೊತೆಗೆ ಖರ್ಚಿನ ಲೆಕ್ಕವೂ ಇದೆ. ಅಚ್ಚಿನಲ್ಲಿ ಪ್ರತಿ ಶಾಯಿಗೂ ಬೇರೆ ಅಚ್ಚುಪಟ್ಟಿ ಬೇಕು. ಒಂದು ಚೌಕಕ್ಕಾಗಿ ಹೊಸ ಶಾಯಿ ಹಾಕುವಷ್ಟು ಧಾರಾಳಿ ಕಂಪನಿಯನ್ನು ನಾನಂತೂ ನೋಡಿಲ್ಲ. ಚಿತ್ರದಲ್ಲಿ ಹೇಗೂ ಇರುವ ಬಣ್ಣದಲ್ಲೇ ಗುರುತನ್ನೂ ಹಾಕಿಬಿಡುತ್ತಾರೆ. ಬೇವು, ತುಳಸಿ ಎಲೆಯ ಚಿತ್ರ ಇರುವ ಟ್ಯೂಬಿನಲ್ಲಿ ಹಸಿರು ಶಾಯಿ ಮೊದಲೇ ಇದೆ, ಅಲ್ವಾ? ಹಾಗಾಗಿ ಅಂಥ ಟ್ಯೂಬುಗಳಲ್ಲಿ ಹಸಿರು ಚೌಕ ಆಗಾಗ ಕಾಣುತ್ತದೆ. ಸಂದೇಶ ನಿಜ ಅಂತ ಅನಿಸುವುದಕ್ಕೆ ಇದೂ ಒಂದು ಕಾರಣ.

ನೀವೇ ಪರೀಕ್ಷೆ ಮಾಡಬಹುದು. ಶ್ಯಾಂಪೂ ಸ್ಯಾಶೆಯ ಸರ ತೆಗೆದುಕೊಂಡು ಅಂಚು ನೋಡಿ. ಬಿಸ್ಕೆಟ್, ಚಿಪ್ಸ್ ಪೊಟ್ಟಣದ ಬೆನ್ನಿನ ಮಡಿಕೆ ಬಿಡಿಸಿ ನೋಡಿ. ಹಾಲಿನ ತೊಟ್ಟೆಯ ಅಂಚನ್ನೂ ನೋಡಿ. ಅದೇ ತರಹದ ಚೌಕಗಳು ಸಿಗುತ್ತವೆ. ಅಲ್ಲಿ ಅವು ಎಲ್ಲಿ ಕತ್ತರಿಸಬೇಕು ಅಂತ ಯಂತ್ರಕ್ಕೆ ತೋರಿಸುತ್ತವೆ. ರಟ್ಟಿನ ಪೆಟ್ಟಿಗೆಯ ಒಳಮಡಿಕೆಯಲ್ಲಿ ನಾಲ್ಕೈದು ಬಣ್ಣದ ಬೊಟ್ಟುಗಳು ಸಾಲಾಗಿ ಇದ್ದರೆ ಅವು ಮುದ್ರಣದವರು ಶಾಯಿ ಸರಿಯಾಗಿ ಬಿದ್ದಿದೆಯೋ ಅಂತ ನೋಡುವ ಬೊಟ್ಟುಗಳು. ಕೆಲವು ಟ್ಯೂಬಿನಲ್ಲಿ ಚೌಕವೇ ಇರುವುದಿಲ್ಲ. ಮುಚ್ಚಿದ ಮೇಲೆ ಅಂಚು ಕತ್ತರಿಸುವಾಗ ಹೋಗಿರುತ್ತದೆ. ಸಂದೇಶದ ಪ್ರಕಾರ ಆ ಪೇಸ್ಟಿನಲ್ಲಿ ನೈಸರ್ಗಿಕವೂ ಇಲ್ಲ, ರಾಸಾಯನಿಕವೂ ಇಲ್ಲ ಅನ್ನಬೇಕಾಗುತ್ತದೆ! ಸಂದೇಶ ಹೇಳುವಂಥ ನಾಲ್ಕು ಬಣ್ಣದ ನಿಯಮ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ದೊಡ್ಡ ಪೇಸ್ಟ್ ಕಂಪನಿಗಳೇ ಈ ಗುರುತಿಗೆ ಪದಾರ್ಥದ ಸಂಬಂಧ ಇಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲಿ ಬರೆದಿವೆ.

ಆದರೂ ಮಾವನವರ ಮೇಲೆ ಬೇಸರ ಮಾಡಬೇಡಿ. ಅಡಿಕೆ ತೋಟದಲ್ಲಿ ಬದುಕಿದ ಮನುಷ್ಯ ಅವರು. ಅವರು ಕೈಯಲ್ಲಿ ಹಿಡಿದ ಡಬ್ಬಿಗಳ ಮೇಲೆ ಬಣ್ಣಕ್ಕೆ ನಿಜವಾಗಿಯೂ ಅರ್ಥ ಇತ್ತು. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವೊಂದು ಇರುತ್ತದೆ ನೋಡಿ. ಅದರ ಕೆಳಗಿನ ಅರ್ಧದ ಬಣ್ಣವನ್ನು ಸರಕಾರವೇ 1971ರ ಕೀಟನಾಶಕ ನಿಯಮಗಳಲ್ಲಿ ನಿಗದಿ ಮಾಡಿದೆ. ಕೆಂಪು ಅಂದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆಮೇಲೆ ನೀಲಿ. ಕೊನೆಗೆ ಹಸಿರು. ಈ ಬಣ್ಣಗಳನ್ನು ಸುಮ್ನೆ ಹಂಚಿದ್ದಲ್ಲ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ ಎಷ್ಟು ಪ್ರಮಾಣ ಮಾರಕ ಅಂತ ಅಳೆದು ಹಂಚಿದ್ದು. ಒಂದು ಮಾತು ನೆನಪಿಡಿ: ಅಲ್ಲಿ ಹಸಿರು ಅಂದರೆ ನೈಸರ್ಗಿಕ ಅಂತಲ್ಲ, ಕುಡಿಯಬಹುದು ಅಂತಂತೂ ಖಂಡಿತ ಅಲ್ಲ. ಉಳಿದವುಗಳಿಗಿಂತ ಕಡಿಮೆ ವಿಷ ಅಂತ ಮಾತ್ರ.

ತಿಂಡಿ ಪೊಟ್ಟಣದಲ್ಲಿ ಸಸ್ಯಾಹಾರಕ್ಕೆ ಹಸಿರು ಬೊಟ್ಟು, ಮಾಂಸಾಹಾರಕ್ಕೆ ಈಗ ಕಂದು ತ್ರಿಕೋನ. ಆಂಟಿಬಯಾಟಿಕ್ ಮಾತ್ರೆಯ ಪಟ್ಟಿಯಲ್ಲಿ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ತಗೊಳ್ಳಬಾರದು. ಹೀಗೆ ಸುತ್ತಲೂ ಬಣ್ಣದ ಭಾಷೆ ಇರುವಾಗ ಪೇಸ್ಟಿನ ಬುಡದಲ್ಲೂ ಏನೋ ಬರೆದಿದ್ದಾರೆ ಅಂತ ಅನಿಸುವುದು ಸಹಜ.

ನಿಮ್ಮ ಊರಿನ ಭಯದ ಮಾತು ಬಂತು. ಪೆರ್ಲ, ಪಡ್ರೆ, ಎಣ್ಮಕಜೆ ಅಂದರೆ ಹೇಳಬೇಕಾಗಿಯೇ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, 2000ದವರೆಗೂ ಅದು ನಡೆದದ್ದು, ಆಮೇಲೆ ಮನೆಮನೆಗಳಲ್ಲಿ ಕಾಯಿಲೆ ಕಂಡದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು, ಇದನ್ನೆಲ್ಲ ಅನುಭವಿಸಿದ ಜನ ನೀವು. ಗುಡ್ಡ ಕೊರೆದ ಸುರಂಗದ ನೀರು ಕುಡಿದು ಬೆಳೆದವರಿಗೆ ಆ ನೀರಿನ ಬಗ್ಗೆಯೇ ಅನುಮಾನ ಹುಟ್ಟಿಸಿದ ಕಾಲ ಅದು. ಅಂಥ ಕಡೆ "ಬರೀ ರಾಸಾಯನಿಕ" ಅನ್ನುವ ಎರಡು ಪದ ಸಾಕು, ಸಂದೇಶ ಹತ್ತು ಗುಂಪಿಗೆ ಹೋಗುತ್ತದೆ. ಈ ಭಯವನ್ನು ನಾನು ಮೂಢನಂಬಿಕೆ ಅನ್ನಲಾರೆ. ಅದು ತಪ್ಪು ಜಾಗಕ್ಕೆ ಹೋಗಿ ಕೂತಿದೆ ಅನ್ನುವುದೇ ನನ್ನ ತಕರಾರು.

ಯಾಕೆಂದರೆ ನೈಸರ್ಗಿಕ ಒಂದು ಕಡೆ, ರಾಸಾಯನಿಕ ಇನ್ನೊಂದು ಕಡೆ ಅಂತ ಗೆರೆ ಎಳೆಯಲು ಬರುವುದಿಲ್ಲ. ಹೆಚ್ಚಿನ ಪೇಸ್ಟುಗಳಲ್ಲಿ ಹಲ್ಲುಜ್ಜುವ ಪುಡಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾ. ಮೊದಲನೆಯದು ಸುಣ್ಣದ ಕಲ್ಲು, ಎರಡನೆಯದು ಮರಳಿನ ಜಾತಿ. ಹೆಸರು ಕೇಳಿದರೆ ರಾಸಾಯನಿಕ, ಮೂಲ ನೋಡಿದರೆ ಮಣ್ಣು. ನಿಮ್ಮ ತೋಟಕ್ಕೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣ, ಅದು ಸಾವಯವ ಕೃಷಿಯಲ್ಲೂ ನಡೆಯುತ್ತದೆ. ಹಾಗಂತ ಮೈಲುತುತ್ತನ್ನು ಯಾರೂ ನೆಕ್ಕುವುದಿಲ್ಲ. ಇನ್ನೊಂದು ಬದಿಯಿಂದ ನೋಡಿ. ಹೊಗೆಸೊಪ್ಪು ಗಿಡದ ಎಲೆ, ಅದಕ್ಕಿಂತ ನೈಸರ್ಗಿಕ ಇನ್ನೇನಿದೆ? ಹಲ್ಲುಪುಡಿ, ಪೇಸ್ಟುಗಳಲ್ಲಿ ಅದನ್ನು ಸೇರಿಸುತ್ತಿದ್ದರು. ಬಾಯಿಯ ಕ್ಯಾನ್ಸರ್, ಚಟ ಎರಡಕ್ಕೂ ದಾರಿ ಅಂತ 1992ರಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಬೇಕಾಯಿತು. ಪಾದರಸವೂ ಭೂಮಿಯಿಂದ ಅಗೆದು ತೆಗೆಯುವ ವಸ್ತುವೇ.

ಹಾಗಾದರೆ ಟ್ಯೂಬಿನಲ್ಲಿ ಓದಬೇಕಾದ್ದು ಏನು? ಚೌಕದಿಂದ ಕಣ್ಣು ತೆಗೆದು ಸಣ್ಣ ಅಕ್ಷರಗಳಿಗೆ ಬನ್ನಿ. ಓದಲು ಕಷ್ಟ, ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಪೇಸ್ಟಿನ ಮಟ್ಟಿಗೆ ನಾನು ಮೊದಲು ಹುಡುಕುವುದು ಫ್ಲೋರೈಡ್. ನಮ್ಮ ದೇಶದಲ್ಲಿ ಪೇಸ್ಟ್ ಸಾಮಾನ್ಯವಾಗಿ ಸೌಂದರ್ಯವರ್ಧಕದ ಲೆಕ್ಕದಲ್ಲಿ ಬರುತ್ತದೆ. ಅಂಥ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರಬಾರದು, ಎಷ್ಟಿದೆ ಅಂತ ಟ್ಯೂಬಿನಲ್ಲೂ ಪೆಟ್ಟಿಗೆಯಲ್ಲೂ ಬರೆಯಲೇಬೇಕು, ಅವಧಿ ಮುಗಿಯುವ ದಿನಾಂಕವೂ ಇರಬೇಕು. ಹುಳುಕು ತಡೆಯುವ ವಿಚಾರದಲ್ಲಿ ಪೇಸ್ಟಿನೊಳಗೆ ಇದಕ್ಕಿಂತ ಗಟ್ಟಿ ಪುರಾವೆ ಇರುವ ಪದಾರ್ಥ ಇಲ್ಲ. ತುಂಬಾ ಗಿಡಮೂಲಿಕೆ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ನೀವು ಮಗಳಿಗೆ ತಂದ ಹಸಿರು ಗುರುತಿನ ಪೇಸ್ಟನ್ನು ಈಗಲೇ ತಿರುಗಿಸಿ ನೋಡಿ. ಫ್ಲೋರೈಡ್ ಅಂತ ಬರೆದಿಲ್ಲದಿದ್ದರೆ, ಹೆದರಿ ಬಿಟ್ಟ ಪೇಸ್ಟಿನ ಜೊತೆ ಹುಳುಕಿನ ರಕ್ಷಣೆಯನ್ನೂ ಬಿಟ್ಟಿದ್ದೀರಿ ಅಂತ ಅರ್ಥ.

ಫ್ಲೋರೈಡ್ ಕೂಡ ಜಾಸ್ತಿ ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ, ಅದನ್ನೂ ಹೇಳಬೇಕು. ಹಲ್ಲು ಒಳಗೆ ರೂಪಗೊಳ್ಳುವ ವಯಸ್ಸಿನಲ್ಲಿ ಮಕ್ಕಳು ದಿನಾ ಪೇಸ್ಟ್ ನುಂಗಿದರೆ ಮುಂದೆ ಬರುವ ಹಲ್ಲಿನಲ್ಲಿ ಬಿಳಿ ಮಚ್ಚೆ ಬೀಳಬಹುದು. ಅದಕ್ಕೇ ಪ್ರಮಾಣ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು ಸವರಿದರೆ ಸಾಕು. ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು. ನಿಮ್ಮ ಮಗಳು ಈ ಎರಡನೇ ಗುಂಪಿನವಳು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯ ಹಾಗೆ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಹಾಕುವುದು ನೀವು, ಉಗುಳಿಸುವುದೂ ನೀವು. ಹಣ್ಣಿನ ರುಚಿಯ ಪೇಸ್ಟನ್ನು ಮಗುವಿನ ಕೈಗೆ ಸಿಗದಂತೆ ಮೇಲೆ ಇಡಿ. ಒಂದು ಗ್ರಾಂ ಪೇಸ್ಟಿನಲ್ಲಿ ಹೆಚ್ಚೆಂದರೆ ಒಂದು ಮಿಲಿಗ್ರಾಂ ಫ್ಲೋರೈಡ್. ಆಸ್ಪತ್ರೆಗೆ ಓಡಬೇಕಾದ ಮಟ್ಟ ಅಂದರೆ ದೇಹದ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. 15 ಕಿಲೋದ ಮಗು ಅಷ್ಟಕ್ಕೆ ಸುಮಾರು 75 ಗ್ರಾಂ ಪೇಸ್ಟ್ ತಿನ್ನಬೇಕು. ಉಜ್ಜುವಾಗ ಒಂದಿಷ್ಟು ನುಂಗಿದರೆ ಗಾಬರಿ ಬೇಡ, ಟ್ಯೂಬ್ ಹಿಡಿದು ಚೀಪುತ್ತಾ ಕೂತರೆ ಮಾತ್ರ ಯೋಚಿಸಬೇಕು.

ಬೋರ್‌ವೆಲ್ ನೀರು ಕುಡಿಯುವ ಮನೆಯಾದರೆ ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ ಫ್ಲೋರೈಡ್ ಎಷ್ಟಿದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ನೀರಿನಲ್ಲೇ ಜಾಸ್ತಿ ಇದ್ದರೆ ಮಗುವಿನ ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳಿ ತೀರ್ಮಾನಿಸಿ.

ಬಾಯಿಹುಣ್ಣು ಪದೇ ಪದೇ ಆಗುವವರು ಮನೆಯಲ್ಲಿದ್ದರೆ ಪಟ್ಟಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇದೆಯೇ ನೋಡಿ. ನೊರೆ ಬರಿಸುವ ಪದಾರ್ಥ ಅದು. ಕೆಲವರಿಗೆ ಒಗ್ಗುವುದಿಲ್ಲ, ಅದಿಲ್ಲದ ಪೇಸ್ಟಿಗೆ ಬದಲಿಸಿದರೆ ಹುಣ್ಣು ಕಡಿಮೆಯಾಗುವುದುಂಟು. ಆಯುರ್ವೇದ ಅಂತ ಬರೆದ ಪೇಸ್ಟುಗಳಲ್ಲೂ ಇದು ಇರಬಹುದು. ಬೇವು, ಲವಂಗ, ಬಬೂಲ ಎಲ್ಲ ಸೇರಿಸಿದ ಮೇಲೂ ಪೇಸ್ಟ್ ಪೇಸ್ಟಾಗಲು ಸುಣ್ಣದಪುಡಿ, ಒಣಗದಂತೆ ಇಡುವ ಸಾರ್ಬಿಟಾಲ್, ನೊರೆ, ಕೆಡದಂತೆ ಇಡುವ ವಸ್ತು ಬೇಕೇ ಬೇಕು. ಇದರಲ್ಲಿ ಮೋಸ ಏನೂ ಇಲ್ಲ.

ಈಗ ಅತ್ತೆಯವರ ಉಮಿಮಸಿ. ಹಿಂದಿನವರ ಹಲ್ಲು ಗಟ್ಟಿ ಇತ್ತು ಅನ್ನುವುದಕ್ಕೆ ಸಕ್ಕರೆ ಕಡಿಮೆ ತಿಂದದ್ದು ದೊಡ್ಡ ಕಾರಣ, ಮಸಿ ಅಲ್ಲ. ಸುಟ್ಟ ಉಮಿಯಲ್ಲಿ ಸಿಲಿಕಾ ಜಾಸ್ತಿ, ಒರಟು. ದಿನಾ ಬೆರಳಿನಿಂದ ತಿಕ್ಕಿದರೆ ಒಸಡಿನ ಹತ್ತಿರ ಹಲ್ಲು ಸವೆಯುತ್ತದೆ. ಹೊಳಪು ಬಂದಂತೆ ಕಂಡರೂ ಹಲ್ಲಿನ ಹೊರಪದರ ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಕಾವಿ ಮಣ್ಣು ಬೆರೆಸಿದ ಕೆಂಪು ಹಲ್ಲುಪುಡಿಗಳಿಗೂ ಇದೇ ಮಾತು. ಅತ್ತೆಗೆ ಅಭ್ಯಾಸ ಬಿಡಲು ಆಗದಿದ್ದರೆ ತೀರಾ ನುಣ್ಣಗೆ ಜರಡಿ ಹಿಡಿದು ವಾರಕ್ಕೊಮ್ಮೆ ಮಾಡಲಿ, ಉಳಿದ ದಿನ ಪೇಸ್ಟ್. ಮಗಳಿಗೆ ಮಾತ್ರ ಬೇಡ.

ಸಸ್ಯಾಹಾರದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಬೇರೆಯೇ ಗುರುತು ಇದೆ. ಬುಡದ ಚೌಕ ಬಿಟ್ಟು ಟ್ಯೂಬಿನ ಮುಖ್ಯ ಬದಿಯ ಮೇಲ್ಭಾಗ ನೋಡಿ. ಸೋಪು, ಶ್ಯಾಂಪೂ, ಪೇಸ್ಟ್ ಮತ್ತು ಉಳಿದ ಸೌಂದರ್ಯವರ್ಧಕಗಳಿಗೆ ಸಸ್ಯಮೂಲವಾದರೆ ಹಸಿರು ಬೊಟ್ಟು, ಪ್ರಾಣಿಮೂಲವಾದರೆ ಕೆಂಪು ಅಥವಾ ಕಂದು ಬೊಟ್ಟು ಅಂತ ಪೊಟ್ಟಣ ಸಾಮಾನುಗಳ ಕಾನೂನು ಮಾಪನ ನಿಯಮಕ್ಕೆ 2014ರಲ್ಲಿ ಸೇರಿಸಿದರು. ಆದರೆ ಬೊಟ್ಟಿಲ್ಲದ ಟ್ಯೂಬುಗಳೂ ಅಂಗಡಿಯಲ್ಲಿ ಸಿಗುತ್ತವೆ. ಬೊಟ್ಟಿಲ್ಲ ಅಂದರೆ ಪ್ರಾಣಿಮೂಲ ಅಂತ ತೀರ್ಮಾನಿಸಬೇಡಿ, ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ಕೇಳಿ. ಅನುಮಾನ ಬರುವ ಪದಾರ್ಥಗಳು ಕೆಲವೇ. ಗ್ಲಿಸರಿನ್ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ. ಹಲ್ಲುಪುಡಿಗಳಲ್ಲಿ ಸಮುದ್ರಫೇನ ಅಂತ ಕಂಡರೆ ಅದು ನೊರೆಯಲ್ಲ. ನಮ್ಮ ಕರಾವಳಿಯಲ್ಲಿ ಬೊಂಡಾಸ ಅಂತಾರಲ್ಲ, ಅದರ ದಾಯಾದಿ ಜೀವಿಯೊಂದರ ಬೆನ್ನಿನ ಚಿಪ್ಪು. ಆಯುರ್ವೇದ ಅಂದ ಕೂಡಲೇ ಸಸ್ಯ ಅಂತಲ್ಲ. ಲಿಪ್‌ಸ್ಟಿಕ್ಕಿನಲ್ಲಿ ಸಿಐ 75470 ಅಂತ ಸಂಖ್ಯೆ ಕಂಡರೆ ಅದು ಒಂದು ಜಾತಿಯ ಕೀಟದಿಂದ ತೆಗೆದ ಕೆಂಪು. ಜೇನುಮೇಣ, ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಕೂಡ ಕ್ರೀಮುಗಳಲ್ಲಿ ಸಾಮಾನ್ಯ. ಇನ್ನು ಆ ಹಸಿರು ಬೊಟ್ಟಿಗೆ ಸಸ್ಯಾಹಾರ ಅನ್ನುವುದನ್ನು ಬಿಟ್ಟು ಬೇರೆ ಅರ್ಥ ಕಟ್ಟಬೇಡಿ. ಕಲ್ಲೆಣ್ಣೆಯಿಂದ ಬರುವ ಪೆಟ್ರೋಲಿಯಂ ಜೆಲ್ಲಿಗೂ ಹಸಿರು ಬೊಟ್ಟು ಬರಬಹುದು, ಅದರಲ್ಲಿ ಪ್ರಾಣಿ ಇಲ್ಲವಲ್ಲ.

ಇನ್ನು ದುಬೈ ಕ್ರೀಮಿಗೆ ಬರೋಣ. ಒಂದರೊಳಗೊಂದು ಸುತ್ತಿಕೊಂಡ ಎರಡು ಬಾಣಗಳ ಉರುಟು ಗುರುತು ಅಂದರೆ ಅದು ಜರ್ಮನಿಯಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ್ದು. ಈ ಖಾಲಿ ಪೆಟ್ಟಿಗೆಯನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಖರ್ಚಿಗೆ ತಯಾರಕರು ಶುಲ್ಕ ಕೊಟ್ಟಿದ್ದಾರೆ ಅಂತ ಅದರ ಅರ್ಥ. ಒಳಗಿನ ಕ್ರೀಮಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಮುಚ್ಚಳ ತೆರೆದ ಡಬ್ಬಿಯ ಚಿತ್ರ ಮತ್ತು 12ಎಂ ಅಂತ ಇದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಅಂತ. ಪುಸ್ತಕದ ಮೇಲೆ ಕೈ ಇದ್ದರೆ ಒಳಗಿನ ಚೀಟಿ ಓದಿ ಅಂತ. ಇವೆಲ್ಲ ಯುರೋಪಿನ ಗುರುತುಗಳು, ಗಲ್ಫಿನ ಅಂಗಡಿಗಳಿಂದ ನಮ್ಮ ಕಡೆಯ ಪ್ರತಿ ಮನೆಯ ಸೂಟ್‌ಕೇಸಿನಲ್ಲೂ ಬಂದಿವೆ. ನಕಲಿ ಮಾಡುವವರೂ ಇವನ್ನೆಲ್ಲ ಚೆನ್ನಾಗಿಯೇ ಅಚ್ಚು ಹಾಕುತ್ತಾರೆ.

ನನ್ನ ಚಿಂತೆ ಬಿಳುಪಿನದ್ದು. ವಾರಗಳಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಮೂರು ವಸ್ತುಗಳು ಪದೇ ಪದೇ ಸಿಕ್ಕಿವೆ: ಪಾದರಸ, ಚರ್ಮದ ಬಣ್ಣ ತಗ್ಗಿಸುವ ಹೈಡ್ರೊಕ್ವಿನೋನ್, ತೀವ್ರ ಸ್ಟೀರಾಯ್ಡ್. ಇವುಗಳಲ್ಲಿ ಪಾದರಸ ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಮೂತ್ರಪಿಂಡದ ಒಂದು ವಿರಳ ಕಾಯಿಲೆಯ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬಂದಾಗ ವೈದ್ಯರು ವಿಚಾರಿಸುತ್ತಾ ಹೋದರು. ಬಿಳುಪಿನ ಕ್ರೀಮು ಹಚ್ಚಿದವರು ಅವರಲ್ಲಿ ಇದ್ದರು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ "ಆಪರೇಷನ್ ಸೌಂದರ್ಯ" ಅಂತ ಅಂಗಡಿಗಳ ತಪಾಸಣೆ ಶುರು ಮಾಡಿತು. ನಮ್ಮ ಕಾನೂನಿನಲ್ಲಿ ಮುಖದ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ 1 ಪಿಪಿಎಂ ಮೀರಬಾರದು. ತಪಾಸಣೆಯ ಮುಂದಿನ ಹಂತದಲ್ಲಿ ಸಿಕ್ಕ ಕೆಲವು ಮಾದರಿಗಳಲ್ಲಿ ಮಿತಿಯ 12,000 ಪಟ್ಟಿನವರೆಗೂ ಇತ್ತು. ಅಂಥ ಡಬ್ಬಿಯ ಮೇಲೆ ಎಷ್ಟು ಹಸಿರು ಎಲೆ ಬರೆದಿದ್ದರೇನು?

ನಿಮ್ಮ ಕ್ರೀಮಿನಲ್ಲಿ ಪಾದರಸ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಪೆಟ್ಟಿಗೆಯಲ್ಲಿ ಇವನ್ನು ಹುಡುಕಿ. ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ, ತಯಾರಕರ ಪೂರ್ತಿ ವಿಳಾಸ ಇಲ್ಲದಿದ್ದರೆ, ಅದನ್ನು ಮುಖಕ್ಕೆ ಹಚ್ಚುವುದು ಬೇಡ. ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್, ಮರ್ಕ್ಯುರಿಕ್ ಅಯೊಡೈಡ್ ಇವುಗಳಲ್ಲಿ ಒಂದು ಕಂಡರೂ ಅದು ಪಾದರಸವೇ. ಕ್ರೀಮು ಚಿನ್ನ, ಬೆಳ್ಳಿ, ಅಲ್ಯುಮಿನಿಯಂಗೆ ತಾಗದಂತೆ ನೋಡಿಕೊಳ್ಳಿ ಅಂತ ಸೂಚನೆ ಇದ್ದರೆ ಅದು ದೊಡ್ಡ ಸುಳಿವು, ಏಕೆಂದರೆ ಪಾದರಸ ಲೋಹವನ್ನು ಹಿಡಿಯುತ್ತದೆ. ಏನೂ ಬರೆದಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ಪಾದರಸ ಬೆರೆಸುವವನು ಅದನ್ನು ಪಟ್ಟಿಯಲ್ಲಿ ಬರೆಯುವಷ್ಟು ಪ್ರಾಮಾಣಿಕನಲ್ಲ.

ಇದೇ ಕ್ರೀಮನ್ನು ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಅಂಗಡಿಯಿಂದ ಕೊಂಡಿದ್ದರೆ ಇನ್ನೊಂದು ಪರೀಕ್ಷೆ ಇತ್ತು. ಹೊರದೇಶದ ಸೌಂದರ್ಯವರ್ಧಕವನ್ನು ಇಲ್ಲಿ ಮಾರಬೇಕಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲಿಯೇ ತಯಾರಾದದ್ದಾದರೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ. ಇವು ಇಲ್ಲದೆ ಕೌಂಟರಿನ ಕೆಳಗಿನಿಂದ ತೆಗೆದು ಕೊಡುವ ಕ್ರೀಮಿನ ಬಗ್ಗೆ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡಬಹುದು. ಭಾವ ಕೈಚೀಲದಲ್ಲಿ ತಂದದ್ದಕ್ಕೆ ಈ ಸಂಖ್ಯೆ ಇರುವುದಿಲ್ಲ, ಅದೊಂದೇ ಕಾರಣಕ್ಕೆ ಅದು ನಕಲಿ ಅಂತ ಆಗುವುದೂ ಇಲ್ಲ. ಅವರು ಪ್ರೀತಿಯಿಂದ ತಂದದ್ದು, ಅವರನ್ನು ದೂರಬೇಡಿ. ಯಾವ ಅಂಗಡಿಯಲ್ಲಿ ಕೊಂಡರು, ಔಷಧಿ ಅಂಗಡಿಯೋ ರಸ್ತೆ ಬದಿಯದ್ದೋ ಅಂತ ಮಾತ್ರ ಕೇಳಿ ನೋಡಿ.

ನಿಲ್ಲಿಸಿದ ಮೇಲೆ ಒಂದೆರಡು ವಾರ ಮುಖ ಕೆಂಪಾಗಿ ಉರಿದರೆ, ಸಣ್ಣ ಗುಳ್ಳೆ ಎದ್ದರೆ, ಒಳಗೆ ಸ್ಟೀರಾಯ್ಡ್ ಇತ್ತು ಅನ್ನುವ ಅನುಮಾನ. ಆಗ ಮತ್ತೆ ಅದನ್ನೇ ಹಚ್ಚಿದರೆ ಉರಿ ತಣಿಯುತ್ತದೆ, ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಚರ್ಮ ವೈದ್ಯರ ಹತ್ತಿರ ಹೋಗಿ. ಮೂತ್ರಪಿಂಡಕ್ಕೆ ತೊಂದರೆಯಾಗಿದೆಯೋ ಅಂತ ತಿಳಿಯಲು, ಪಾದ ಊದಿಕೊಂಡಿದೆಯೇ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಇದೆಯೇ, ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೇ ಅಂತ ಗಮನಿಸಿ. ಇವೇನೂ ಇಲ್ಲದಿದ್ದರೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಅಂತ ಒಮ್ಮೆ ನೋಡಿಸಿ. ಸಣ್ಣ ಲ್ಯಾಬಿನಲ್ಲೂ ಆಗುವ, ಕಡಿಮೆ ಖರ್ಚಿನ ಪರೀಕ್ಷೆ ಅದು. ಅದರಲ್ಲಿ ಏನಾದರೂ ಕಂಡರೆ ಪಾದರಸದ ಮಟ್ಟ ನೋಡುವ ಪರೀಕ್ಷೆಯನ್ನು ವೈದ್ಯರೇ ಬರೆದುಕೊಡುತ್ತಾರೆ. ಮಗಳು ನಿಮ್ಮ ಕೆನ್ನೆಗೆ ಕೆನ್ನೆ ತಾಗಿಸಿ ಮಲಗುವವಳಾದರೆ ಅವಳ ವಿಷಯವನ್ನೂ ಅವರಿಗೆ ಹೇಳಿ, ತಲೆದಿಂಬಿನ ಕವರು ಮತ್ತು ಮುಖ ಒರೆಸುವ ಬೈರಾಸವನ್ನು ಬದಲಿಸಿ. ಉಳಿದ ಕ್ರೀಮನ್ನು ತೋಟಕ್ಕೋ ಬಾವಿಯ ಬದಿಗೋ ಎಸೆಯಬೇಡಿ. ಡಬ್ಬಿಯನ್ನು ಪೆಟ್ಟಿಗೆ ಸಮೇತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಇಟ್ಟುಕೊಳ್ಳಿ, ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ.